ಬಾಗುಮರದ ಪೀಠೋಪಕರಣ: ದಕ್ಷಿಣ ಬೆಂಗಳೂರು

ಮರವನ್ನು ಕೆತ್ತಿ ಕಮಾನು ತೆಗೆಯುವ ಬದಲು ಮರವನ್ನೇ ಬಾಗಿಸಿ ಮಾಡುವ ಕುರ್ಚಿ, ಮೇಜು, ಮಂಚ, ತೊಟ್ಟಿಲು ಮುಂತಾದವಕ್ಕೆ ಬಾಗುಮರದ ಪೀಠೋಪಕರಣ ಎನ್ನಬಹುದು. ಇದಕ್ಕೆ ದಾರಿ ಎರಡು. ಇಡೀ ತುಂಡನ್ನು ಹಬೆಯಲ್ಲಿ ಬೇಯಿಸಿ ಬಾಗಿಸುವುದು ಒಂದು. ಮರವನ್ನು ತೆಳ್ಳಗೆ ಸೀಳಿ, ಪದರಗಳ ನಡುವೆ ಅಂಟು ಹಚ್ಚಿ, ಅಚ್ಚಿಗೆ ಬಿಗಿದು ಒಣಗಿಸುವುದು ಇನ್ನೊಂದು. ಯುರೋಪಿನಲ್ಲಿ ಎರಡೂ ಕಾರ್ಖಾನೆಯ ಕಸುಬಾಗಿ ಬೆಳೆದವು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳ ದಕ್ಷಿಣ ಬೆಂಗಳೂರಿನಲ್ಲಿ ಮೊದಲನೆಯದು ಬೇರು ಬಿಡಲೇ ಇಲ್ಲ. ಎರಡನೆಯದು ಪ್ಲೈವುಡ್ಡಿನ ರೂಪದಲ್ಲಿ ಮನೆಮನೆಗೂ ಬಂತು. ಇಲ್ಲಿನ ಬಾಗುಮರದ ಚರಿತ್ರೆ ಹಬೆಗಿಂತ ಹೆಚ್ಚಾಗಿ ಅಂಟಿನ ಚರಿತ್ರೆ.

ಮರ ಬಾಗುವ ಬಗೆ

ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ವಸ್ತು ಲಿಗ್ನಿನ್. ತೇವವೂ ಕಾವೂ ಕೂಡಿದರೆ, ಅಂದರೆ ನೀರು ಕುದಿಯುವ ಉಷ್ಣತೆಯ ಆಸುಪಾಸಿನಲ್ಲಿ, ಅದು ಮೆತ್ತಗಾಗುತ್ತದೆ. ತಣಿದ ಮೇಲೆ ಮತ್ತೆ ಬಿಗಿಯುತ್ತದೆ. ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆ ಹಬೆ ಎಂಬುದು ಕಸುಬಿನವರ ಲೆಕ್ಕ. ಹಬೆಪೆಟ್ಟಿಗೆಯಿಂದ ತೆಗೆದ ಮೇಲೆ ಕೈಯಲ್ಲಿ ಉಳಿಯುವುದು ಕೆಲವೇ ನಿಮಿಷ. ಅಷ್ಟರಲ್ಲಿ ಅಚ್ಚಿಗೆ ಸುತ್ತಿ ಬಿಗಿಯದಿದ್ದರೆ ಮರ ಮತ್ತೆ ಸೆಟೆದು ನಿಲ್ಲುತ್ತದೆ.

ತೊಡಕಿರುವುದು ಹೊರಮೈಯಲ್ಲಿ. 25 ಮಿ.ಮೀ. ದಪ್ಪದ ಕೋಲನ್ನು ಅರ್ಧವೃತ್ತಕ್ಕೆ ಬಾಗಿಸಿದರೆ, ಅದರ ಹೊರಮೈ ಒಳಮೈಗಿಂತ ಸುಮಾರು 78 ಮಿ.ಮೀ. ಉದ್ದವಾಗಬೇಕಾಗುತ್ತದೆ. ಚೆನ್ನಾಗಿ ಬೆಂದ ಮರ, ಜಾತಿ ಒಳ್ಳೆಯದಿದ್ದರೆ, ಒತ್ತಿದಾಗ ಕಾಲು ಭಾಗದಷ್ಟು ಕುಗ್ಗೀತು. ಎಳೆದರೆ ಮಾತ್ರ ನೂರಕ್ಕೆ ಒಂದೆರಡು ಪಾಲಿಗಿಂತ ಹೆಚ್ಚು ಹಿಗ್ಗದೆ ಸಿಗಿದುಬಿಡುತ್ತದೆ. ಆದ್ದರಿಂದ ಹೊರಮೈಗೆ ಲೋಹದ ಪಟ್ಟಿಯೊಂದನ್ನು ಹೊಂದಿಸಿ, ಎರಡೂ ತುದಿಗೆ ತಡೆ ಕೊಟ್ಟು, ಪಟ್ಟಿಯ ಸಮೇತ ಬಾಗಿಸುತ್ತಾರೆ. ಎಳೆತವನ್ನೆಲ್ಲ ಲೋಹ ಹೊರುತ್ತದೆ, ಮರ ಬರಿದೆ ಒಳಕ್ಕೆ ಕುಗ್ಗುತ್ತದೆ.

ಸೀಳಿ ಅಂಟಿಸುವ ದಾರಿಯಲ್ಲಿ ಈ ಕಷ್ಟವನ್ನು ಲೆಕ್ಕದಿಂದಲೇ ಗೆಲ್ಲುತ್ತಾರೆ. ಹಲಗೆಯ ದಪ್ಪ ಅರ್ಧವಾದರೆ ಅದರ ಬಿಗುವು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. 24 ಮಿ.ಮೀ. ಹಲಗೆಯನ್ನು 3 ಮಿ.ಮೀ.ಯ ಎಂಟು ಪದರಗಳಾಗಿ ಸೀಳಿದರೆ, ಅಂಟು ಒಣಗುವ ತನಕ ಆ ಎಂಟೂ ಸೇರಿ ಮೂಲ ಹಲಗೆಯ 64ನೇ ಒಂದು ಭಾಗದಷ್ಟೇ ಎದುರು ನಿಲ್ಲುತ್ತವೆ. ಅಂಟು ಕಚ್ಚಿತೆಂದರೆ ಬಿಗುವು ಪೂರ್ತಿ ಮರಳಿ ಬರುತ್ತದೆ, ಈ ಸಲ ಬಾಗಿದ ಆಕಾರದಲ್ಲಿ.

ನಾಡಿನ ಹಿನ್ನೆಲೆ

ಕನ್ನಡ ನಾಡಿನ ಬಡಗಿಗಳು ಮರವನ್ನು ಬಾಗಿಸಿದ್ದಕ್ಕಿಂತ ಬಾಗಿದ ಮರವನ್ನು ಹುಡುಕಿದ್ದೇ ಹೆಚ್ಚು. ನೇಗಿಲಿಗೆ ಬೇಕಾದ ಸೊಟ್ಟ ಕೊಂಬೆಯನ್ನು ಮರದಲ್ಲಿದ್ದಾಗಲೇ ಗುರುತಿಟ್ಟುಕೊಳ್ಳುತ್ತಿದ್ದರು. ಎತ್ತಿನ ಗಾಡಿಯ ಗಾಲಿಗೆ ಜಾಲಿಯಂಥ ಗಟ್ಟಿಮರದ ತುಂಡುಗಳನ್ನು ಕಮಾನಾಗಿ ಕಡಿದು ಜೋಡಿಸಿ, ಮೇಲೆ ಕಬ್ಬಿಣದ ಪಟ್ಟೆಯನ್ನು ಕಾಯಿಸಿ ತೊಡಿಸಿ, ನೀರು ಹೊಯ್ದು ಬಿಗಿಯುತ್ತಿದ್ದರು. ನಿಜವಾಗಿ ಬಾಗಿಸುವ ಕಸುಬು ಇದ್ದದ್ದು ಬಡಗಿಯ ಕೊಟ್ಟಿಗೆಯ ಹೊರಗೆ: ಹಲಗೆಗೆ ನೀರು ಹಚ್ಚಿ ಬೆಂಕಿಯ ಕಾವು ತೋರಿಸುವ ಕರಾವಳಿಯ ದೋಣಿ ಕಟ್ಟುವವರಲ್ಲಿ, ಬಿದಿರನ್ನು ದಬ್ಬೆಯಾಗಿ ಸೀಳುವ ಮೇದರಲ್ಲಿ, ಮಲೆನಾಡಿನ ಬೆತ್ತವನ್ನು ಉರಿಯ ಮೇಲೆ ಆಡಿಸಿ ಬಳುಕಿಸುವವರಲ್ಲಿ. ಈ ಕೈಚಳಕ ಬಡಗಿತನಕ್ಕೆ ದಾಟಿ ಬರಲಿಲ್ಲ. ಜಾತಿಗೊಂದು ಕಸುಬು ಎಂದಿದ್ದ ಸಮಾಜದಲ್ಲಿ ಅದು ಅನಿರೀಕ್ಷಿತವೂ ಅಲ್ಲ.

ಸೀಳುಮರದ ನಾಜೂಕು ಕೆಲಸ ಮಾತ್ರ ಮೈಸೂರಿನಲ್ಲಿ ಚೆನ್ನಾಗಿಯೇ ಇತ್ತು. ಮೈಸೂರಿನ ಬೀಟೆ ಕೆತ್ತನೆಯಲ್ಲಿ ಹಲಸು ಮುಂತಾದ ಬೇರೆ ಬೇರೆ ಬಣ್ಣದ ಮರದ ತೆಳು ಹಾಳೆಗಳನ್ನು ಸಣ್ಣ ಗರಗಸದಿಂದ ಚಿತ್ರದ ಆಕಾರಕ್ಕೆ ಕತ್ತರಿಸಿ, ಬೀಟೆಯ ಹಲಗೆಯಲ್ಲಿ ಅದೇ ಆಕಾರದ ಗುಳಿ ತೋಡಿ ಅಂಟಿಸುತ್ತಾರೆ. ಮೊದಲು ಇದಕ್ಕೆ ಆನೆದಂತವೂ ಬಳಕೆಯಾಗುತ್ತಿತ್ತು. ಇಂದು ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹಾಳೆ ಸೀಳುವ ಕೈ, ಅಂಟಿಸುವ ಕೈ ಎರಡೂ ಇಲ್ಲಿದ್ದವು; ಆದರೆ ಹಾಳೆ ಅಲಂಕಾರವಾಗಿಯೇ ಉಳಿಯಿತು, ಕುರ್ಚಿಯ ಕಾಲಾಗಲಿಲ್ಲ.

ಕುರ್ಚಿಯ ಕಾಲಾದದ್ದು ರೈನ್ ನದಿಯ ದಡದ ಬೊಪ್ಪಾರ್ಡ್ ಎಂಬ ಊರಿನಲ್ಲಿ. ಅಲ್ಲಿ ಹುಟ್ಟಿದ ಮಿಖಾಯೆಲ್ ಥೋನೆಟ್ (1796–1871) ಎಂಬ ಬಡಗಿ 1830ರ ದಶಕದಲ್ಲಿ ತೆಳು ಹಾಳೆಗಳನ್ನು ಬಿಸಿ ಅಂಟಿನಲ್ಲಿ ನೆನೆಸಿ ಬಾಗಿಸಿದ. ದೂರದ ತೇವದ ಹವೆಗೆ ಅಂಟು ಬಿಡುತ್ತದೆಂದು ಕಂಡು ಇಡೀ ಬೀಚ್ ಕೋಲನ್ನೇ ಹಬೆಯಲ್ಲಿ ಬಾಗಿಸುವತ್ತ ಹೊರಳಿ, 1856ರಲ್ಲಿ ವಿಯೆನ್ನಾದಲ್ಲಿ ಅದರ ಹಕ್ಕುಪತ್ರ ಪಡೆದ. 1859ರ ಅವನ 14ನೇ ನಂಬರಿನ ಕುರ್ಚಿಗೆ ಬೇಕಾದದ್ದು 6 ಮರದ ತುಂಡು, 10 ತಿರುಪು, 2 ನಟ್ಟು. ಬಿಚ್ಚಿಟ್ಟರೆ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಹೀಗಾಗಿಯೇ ಅದು ಹಡಗು ಹತ್ತಿ ಮುಂಬೈಯ ಇರಾನಿ ಹೋಟೆಲುಗಳವರೆಗೂ ಬಂತು. ಕಪ್ಪು ಬಳಿದ ದುಂಡು ಬೆನ್ನಿನ ಆ ಕುರ್ಚಿಗಳ ನಕಲನ್ನು ನೋಡದವರು ವಿರಳ, ಥೋನೆಟ್‌ನ ಹೆಸರು ಬಲ್ಲವರೂ ವಿರಳ.

ಪ್ಲೈವುಡ್ಡಿನ ಕಾಲ

ಭಾರತದಲ್ಲಿ ಪ್ಲೈವುಡ್ ಮೊದಲು ಬೇಕಾದದ್ದು ಚಹಾ ಪೆಟ್ಟಿಗೆಗೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಪಶ್ಚಿಮ ಘಟ್ಟದ ಮರವನ್ನು ನಂಬಿ ದಾಂಡೇಲಿಯಂಥ ಊರುಗಳಲ್ಲಿ ಕಾರ್ಖಾನೆಗಳು ಬಂದವು. ದಿಮ್ಮಿಯನ್ನು ನೀರಿನಲ್ಲಿ ಬೇಯಿಸಿ, ಲೇತಿಗೆ ಹಾಕಿ ತಿರುಗಿಸುತ್ತ ಉದ್ದನೆಯ ಅಲಗಿನಿಂದ ಹಾಳೆ ಸುಲಿಯುವುದು ಒಂದು ಕ್ರಮ. ಬೀಟೆ, ತೇಗಗಳ ಚಂದದ ಮೈಗಾಗಿ ದಿಮ್ಮಿಯನ್ನು ಅಲುಗದಂತೆ ಹಿಡಿದು ಹಾಳೆ ಹೆರೆಯುವುದು ಇನ್ನೊಂದು. ಗಮನಿಸಬೇಕಾದ ಮಾತೆಂದರೆ, ಮರವನ್ನು ಬೇಯಿಸುವ ಕೆಲಸ ಕರ್ನಾಟಕದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಸುಲಿಯುವುದಕ್ಕೇ ಹೊರತು ಬಾಗಿಸುವುದಕ್ಕಲ್ಲ.

ಈ ವಿದ್ಯೆಯ ಎರಡು ಕೇಂದ್ರಗಳು ಬೆಂಗಳೂರಿನಲ್ಲೇ ಬೆಳೆದವು, ಎರಡೂ ಊರಿನ ಉತ್ತರ ಭಾಗದಲ್ಲಿ. ಮೈಸೂರು ಸಂಸ್ಥಾನ 1938ರಲ್ಲಿ ಸ್ಥಾಪಿಸಿದ ಅರಣ್ಯ ಸಂಶೋಧನಾ ಪ್ರಯೋಗಾಲಯವು 1988ರಲ್ಲಿ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಹಬೆಯ ಬದಲು ಅಮೋನಿಯಾ ಆವಿಯಿಂದ ಮರವನ್ನು ಮೆದುಗೊಳಿಸಿ ಬಾಗಿಸುವ ಪ್ರಯೋಗಗಳು ಇಲ್ಲಿ ನಡೆದಿವೆ. ತುಮಕೂರು ರಸ್ತೆಯಲ್ಲಿ 1962ರಲ್ಲಿ ಆರಂಭವಾದ ಪ್ಲೈವುಡ್ ಸಂಶೋಧನಾ ಸಂಸ್ಥೆಯ ಮುಖ್ಯ ಚಿಂತೆ ಅಂಟು. ಗೋಡಂಬಿ ಸಿಪ್ಪೆಯ ಎಣ್ಣೆಯಿಂದ ಅಂಟಿನ ಖರ್ಚು ಇಳಿಸುವ ಕೆಲಸ, ಬಿದಿರಿನ ಚಾಪೆಗಳನ್ನು ಅಂಟಿನಲ್ಲಿ ಅದ್ದಿ ಬಿಸಿ ಒತ್ತುಯಂತ್ರದಲ್ಲಿ ಹಲಗೆ ಮಾಡುವ ಕೆಲಸ, ಅದೇ ಚಾಪೆಯನ್ನು ಅಲೆಅಲೆಯಾದ ಅಚ್ಚಿನಲ್ಲಿ ಒತ್ತಿ ಚಾವಣಿಯ ತಗಡಿನಂತೆ ಬಾಗಿಸುವ ಕೆಲಸ ಇಲ್ಲಿನ ಹೆಸರಾದ ಸಾಧನೆಗಳು. ಮೇದರ ಹೆಣಿಗೆಯೂ ಕಾರ್ಖಾನೆಯ ಅಂಟೂ ಒಂದೇ ಹಾಳೆಯಲ್ಲಿ ಸೇರಿದ್ದು ಇಲ್ಲಿ. ಈ ಬರಹಗಾರನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ನಮ್ಮದೆನ್ನಬಹುದಾದ ಹೊಸತನ ಆ ಬಿದಿರಿನ ತಗಡೇ. ಅದರಿಂದ ಕುರ್ಚಿ ಹುಟ್ಟಲಿಲ್ಲ ಎಂಬುದು ಬೇರೆ ಮಾತು.

ಬಡಾವಣೆಗಳಲ್ಲಿ

1948ರ ಆಗಸ್ಟಿನಲ್ಲಿ ಸಿ. ರಾಜಗೋಪಾಲಾಚಾರಿ ಅಶೋಕ ಸ್ತಂಭದ ಬಳಿ ಜಯನಗರಕ್ಕೆ ನಾಂದಿ ಹಾಡಿದ ಮೇಲಿನ ಮೂರು ದಶಕ, ದಕ್ಷಿಣ ಬೆಂಗಳೂರಿನ ಸೈಟುಗಳಲ್ಲಿ ಎದ್ದ ಮನೆಗಳಿಗೆ ಪೀಠೋಪಕರಣ ಬಂದ ಬಗೆ ಹೆಚ್ಚು ಕಡಿಮೆ ಒಂದೇ. ತೇಗವನ್ನೋ ಹೊನ್ನೆಯನ್ನೋ ಘನ ಅಡಿಯ ಲೆಕ್ಕದಲ್ಲಿ ತಂದು, ಬಡಗಿಯನ್ನು ವರಾಂಡದಲ್ಲೇ ಕೂರಿಸಿ ಮಾಡಿಸುವುದು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನ ಹೆಸರು ಆ ಕಾಲದ ಮರದ ವ್ಯಾಪಾರವನ್ನು ಇಂದಿಗೂ ನೆನಪಿಸುತ್ತದೆ. ವರಾಂಡದಲ್ಲಿ ಉಳಿ, ಹತ್ತರಿ, ಗರಗಸ ಸಾಕು. ಹಬೆಪೆಟ್ಟಿಗೆ, ಕಬ್ಬಿಣದ ಅಚ್ಚು, ಬಿಗಿಯುವ ಯಂತ್ರ ಅಲ್ಲಿಗೆ ಒಗ್ಗುವಂಥವಲ್ಲ. ಒಂದೇ ಆಕಾರದ ನೂರು ಕುರ್ಚಿ ಮಾಡುವವನಿಗೆ ಮಾತ್ರ ಅವುಗಳ ಖರ್ಚು ಗಿಟ್ಟುತ್ತದೆ. ಸೋಫಾದ ಕೈಗೆ ಬಳುಕು ಬೇಕೆಂದರೆ ದಪ್ಪ ತೇಗವನ್ನು ಕಮಾನಾಗಿ ಕೊಯ್ದು ಉಳಿದದ್ದನ್ನು ಸೌದೆಗೆ ಹಾಕುತ್ತಿದ್ದರು. ಮರ ಅಗ್ಗವಾಗಿದ್ದಾಗ ಅದು ದುಂದು ಅನ್ನಿಸಿರಲಿಕ್ಕಿಲ್ಲ.

ತೇಗ ದುಬಾರಿಯಾದಂತೆ ಪ್ಲೈ, ಮೈಕಾ, ಫೆವಿಕಾಲ್ (ಇದು 1959ರಲ್ಲಿ ಮಾರುಕಟ್ಟೆಗೆ ಬಂದದ್ದು) ಬಡಗಿಯ ಹೊಸ ಸಾಮಗ್ರಿಗಳಾದವು. ಹೊಸ ಅಡಚಣೆಯೂ ಬಂತು: ಪ್ಲೈ ಚಪ್ಪಟೆ, ಮನೆಯವರಿಗೆ ಬೇಕಾದದ್ದು ದೇವರಮನೆಯ ಕಮಾನು, ಟಿ.ವಿ. ಕಪಾಟಿನ ದುಂಡು ಮೂಲೆ, ಅಂಗಡಿಯ ಬಳಸು ಕೌಂಟರು. ಇದಕ್ಕೆ ಇಲ್ಲಿನ ಬಡಗಿಗಳು ಮಾಡುವ ಉಪಾಯ ನೋಡುವಂತಿದೆ. 12 ಮಿ.ಮೀ. ಪ್ಲೈಯ ಹಿಂಬದಿಗೆ ಯಂತ್ರದ ಗರಗಸದಿಂದ ಬೆರಳಗಲಕ್ಕೊಂದರಂತೆ ಉದ್ದುದ್ದ ಗೀರು ಹಾಕುತ್ತಾರೆ. ಮುಂಬದಿಯ ಒಂದೆರಡು ಪದರ ಮಾತ್ರ ಉಳಿಯಬೇಕು, ಗರಗಸ ಕೂದಲೆಳೆ ಹೆಚ್ಚು ಇಳಿದರೂ ಹಾಳೆ ಕೆಟ್ಟಿತು. ನೀರು ಚಿಮುಕಿಸಿ, ಚೌಕಟ್ಟಿಗೆ ನಿಧಾನವಾಗಿ ಒತ್ತಿ, ಗೀರುಗಳೊಳಗೆ ಅಂಟು ತುಂಬಿ, ಹಗ್ಗವೋ ಕ್ಲಾಂಪೋ ಹಾಕಿ ರಾತ್ರಿಯಿಡೀ ಬಿಡುತ್ತಾರೆ. ಮರುದಿನ ಮೇಲೆ ಮೈಕಾ. ಈಗ ಅಂಗಡಿಗಳಲ್ಲಿ ಸುರುಳಿ ಸುತ್ತಬಹುದಾದ ಫ್ಲೆಕ್ಸಿ ಪ್ಲೈಯೇ ಸಿಗುವುದರಿಂದ ಗೀರು ಹಾಕುವ ಕೈ ಕಡಿಮೆಯಾಗುತ್ತಿದೆ.

ಫಿನ್‌ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ 1933ರಲ್ಲಿ ತನ್ನ ಸ್ಟೂಲಿನ ಕಾಲಿಗೆ ಮಾಡಿದ್ದು ಇದರ ಹತ್ತಿರದ ಸಂಬಂಧಿ. ಬರ್ಚ್ ಮರದ ಕೋಲಿನ ತುದಿಯನ್ನು ನಾರಿನ ಗುಂಟ ಬಾಚಣಿಗೆಯಂತೆ ಸೀಳಿ, ಸೀಳುಗಳಲ್ಲಿ ಅಂಟು ಹಚ್ಚಿದ ತೆಳು ಹಾಳೆ ತುರುಕಿ, ಆ ಭಾಗವನ್ನಷ್ಟೇ ಲಂಬಕೋನಕ್ಕೆ ಬಾಗಿಸಿದ. ಅವನಿಗೆ ಪೇಟೆಂಟ್ ಸಿಕ್ಕಿತು. ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಗೀರು ಹಾಕಿ ಕಮಾನು ಕೂರಿಸಿದವನಿಗೆ ಸಿಕ್ಕಿದ್ದು ದಿನಗೂಲಿ. ಒಪ್ಪಬೇಕಾದ ವ್ಯತ್ಯಾಸವೂ ಇದೆ. ಆಲ್ಟೊನ ಬಾಗು ಭಾರ ಹೊರುತ್ತದೆ, ನಮ್ಮ ಬಡಗಿಯ ಬಾಗು ಬರಿಯ ಹೊದಿಕೆ. ಭಾರವನ್ನೆಲ್ಲ ಒಳಗಿನ ಚೌಕಟ್ಟೇ ಹೊರಬೇಕು.

2000ದ ನಂತರ ಬಿ.ಟಿ.ಎಂ. ಲೇಔಟಿನಂಥ ಬಡಾವಣೆಗಳಲ್ಲಿ ತುಂಬಿದ ಬಾಡಿಗೆದಾರ ಯುವಕರಿಗೆ ವರಾಂಡವೂ ಇಲ್ಲ, ಬಡಗಿಯೂ ಇಲ್ಲ. ಬೆಂಗಳೂರಿನಲ್ಲೇ 2012ರಲ್ಲಿ ಹುಟ್ಟಿದ ಅರ್ಬನ್ ಲ್ಯಾಡರ್, ಬಾಡಿಗೆಗೆ ಪೀಠೋಪಕರಣ ಕೊಡುವ ಕಂಪನಿಗಳು, 2022ರ ಜೂನ್ 22ರಂದು ನಾಗಸಂದ್ರದಲ್ಲಿ ತೆರೆದ ಐಕಿಯ ಅಂಗಡಿ ಇವರ ಮನೆ ತುಂಬಿಸಿದವು. ಐಕಿಯದ ಪೊಯೆಂಗ್ ಎಂಬ ತೂಗಾಡುವಂತಿರುವ ಕುರ್ಚಿ ಜಪಾನಿನ ನೊಬೊರು ನಕಮುರಾ 1976ರಲ್ಲಿ ರೂಪಿಸಿದ್ದು. ಪದರ ಪದರವಾಗಿ ಅಂಟಿಸಿ ಬಾಗಿಸಿದ ಮರವೇ ಅದರ ಎಲುಬು. ಕೂತಾಗ ಮೆಲ್ಲಗೆ ಬಳುಕುವ ಆ ಗುಣ ಪೂರ್ತಿ ಅದರ ಪದರಗಳದ್ದು. ಬಾಗುಮರವು ಹೊದಿಕೆಯಾಗಿ ಅಲ್ಲದೆ ಆಸರೆಯಾಗಿ ದಕ್ಷಿಣ ಬೆಂಗಳೂರಿನ ಮನೆಗಳನ್ನು ಹೊಕ್ಕಿದ್ದು ಹೆಚ್ಚಾಗಿ ಹೀಗೆ, ಊರಿನ ಇನ್ನೊಂದು ತುದಿಯಿಂದ, ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ. ಥೋನೆಟ್‌ನ ಲೆಕ್ಕಾಚಾರವೂ ಅದೇ ಆಗಿತ್ತು.

ಊರಿನ ಒಳಗಿನ ಪ್ರಯತ್ನಗಳಲ್ಲಿ ವಿನ್ಯಾಸಕ ಸಂದೀಪ್ ಸಂಗಾರು ಅವರ ‘ಟ್ರಸ್ ಮಿ’ ಮಾಲಿಕೆ ಹೆಸರು ಮಾಡಿದೆ. ಸೀಳಿದ ಬಿದಿರನ್ನು ಸೇತುವೆಯ ತೊಲೆಗಳಂತೆ ತ್ರಿಕೋನವಾಗಿ ಹೆಣೆದು ಹಗುರವಾದ, ಗಟ್ಟಿಯಾದ ಆಸನ ಮಾಡುವುದು ಅದರ ಬಗೆ. ಹವ್ಯಾಸಿಗಳೂ ಹೆಚ್ಚುತ್ತಿದ್ದಾರೆ: ಕುಕ್ಕರಿನ ಹಬೆಯನ್ನು ಕೊಳವೆಯಿಂದ ಪ್ಲೈ ಪೆಟ್ಟಿಗೆಗೆ ಹರಿಸಿ ದೀಪದ ಮರೆ, ಕೋಟು ತೂಗುವ ಕೊಕ್ಕೆ ಬಾಗಿಸುವವರು. ಇಂಥ ಪೆಟ್ಟಿಗೆಗೆ ಹಬೆ ಹೊರಹೋಗುವ ತೂತು ಇರಲೇಬೇಕು, ಇಲ್ಲದಿದ್ದರೆ ಅಪಾಯ.

ಮರದ ಪ್ರಶ್ನೆ

ಹಬೆ ಇಲ್ಲಿ ಒಗ್ಗದಿರಲು ಮರದ ಜಾತಿಯೂ ಕಾರಣ. ಬೀಚ್, ಆ್ಯಶ್, ಓಕ್‌ಗಳಷ್ಟು ಸಲೀಸಾಗಿ ಉಷ್ಣವಲಯದ ಹೆಚ್ಚಿನ ಮರಗಳು ಬಾಗವು. ನಮ್ಮಲ್ಲಿ ಬಾಗುವುದಕ್ಕೆ ಹೆಸರಾದದ್ದು ಹಿಪ್ಪುನೇರಳೆ. ಹಾಕಿ ಕೋಲು, ಟೆನಿಸ್ ರಾಕೆಟ್ಟು ಮಾಡುತ್ತಿದ್ದದ್ದು ಅದರಿಂದಲೇ. ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ಬೆಳೆಯುವ ಕರ್ನಾಟಕದಲ್ಲಿ ಹಿಪ್ಪುನೇರಳೆಗೆ ಬರವಿಲ್ಲ. ಆದರೆ ಸೊಪ್ಪಿಗಾಗಿ ಅದನ್ನು ಸದಾ ಕತ್ತರಿಸಿ ಪೊದೆಯಾಗಿಯೇ ಇಡುವುದರಿಂದ ಹಲಗೆಯಾಗುವಷ್ಟು ಬೊಡ್ಡೆ ಕಟ್ಟುವುದಿಲ್ಲ. ಆಮದಾಗುವ ಆ್ಯಶ್, ಬೀಚ್‌ಗಳು ಗೂಡಿನಲ್ಲಿ ಒಣಗಿಸಿ ಬಂದವು; ಹಾಗೆ ಒಣಗಿದ ಮರ ನೆರಳಲ್ಲಿ ಒಣಗಿದ ಮರದಷ್ಟು ಚೆನ್ನಾಗಿ ಬಾಗದು. ಅಂಗಡಿಯವರು ‘ಸ್ಟೀಮ್ ಬೀಚ್’ ಎಂದು ಮಾರುವ ಹಲಗೆಗೆ ಹಬೆ ಕೊಟ್ಟಿರುವುದು ಬಣ್ಣಕ್ಕೂ ಮುಂದೆ ಸೊಟ್ಟಗಾಗದಿರಲಿ ಎಂಬುದಕ್ಕೂ.

ಸುಲಿಯುವುದಕ್ಕಾದರೆ ಮರ ಇದೆ. ಕಾಡಿನ ದಿಮ್ಮಿಗೆ ಕಡಿವಾಣ ಹಾಕಿದ 1996ರ ಡಿಸೆಂಬರ್ 12ರ ಗೋದಾವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶದ ನಂತರ ಪ್ಲೈ ಕಾರ್ಖಾನೆಗಳು ರೈತರ ಹೊಲದ ಕಡೆ ತಿರುಗಿದವು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆದ ಸಿಲ್ವರ್ ಓಕ್, ಬಯಲುಸೀಮೆಯಲ್ಲಿ ಆರೆಂಟು ವರ್ಷಕ್ಕೆ ಕಟಾವಿಗೆ ಬರುವ ಹೆಬ್ಬೇವು ಇಂದು ಹಾಳೆಯಾಗುವ ಮುಖ್ಯ ಮರಗಳು.

ಕೊಳ್ಳುವವರಿಗೆ ಒಂದು ಮಾತು. ಕುರ್ಚಿಯ ಬಾಗಿದ ಕೈಯನ್ನು ಪಕ್ಕದಿಂದ ನೋಡಿ. ಮರದ ಗೆರೆ ಮುರಿಯದೆ ಬಾಗಿನ ಜೊತೆಗೇ ಸುತ್ತಿ ಬಂದಿದ್ದರೆ ಅದು ಹಬೆಯ ಕೆಲಸ. ಒಂದೇ ಅಳತೆಯ ಪದರಗಳು ಸಾಲಾಗಿ ಕಂಡರೆ ಅಂಟಿನ ಕೆಲಸ. ಬಾಗು ತಿರುಗಿದರೂ ಗೆರೆ ನೇರವಾಗಿ ಅಂಚಿಗೆ ಬಂದು ಕಡಿದುಹೋಗಿದ್ದರೆ ಅದು ಕೊಯ್ದು ಮಾಡಿದ್ದು, ಮೊದಲು ಮುರಿಯುವುದೂ ಅಲ್ಲೇ.