ನಿಮ್ಮ ಬಾತ್‌ರೂಮ್ ಗೋಡೆ ಮೇಲಿನ ಬಿಳಿ ಪದರದ ಇತಿಹಾಸ

1/6
ನಾಳೆ ಸ್ನಾನಕ್ಕೆ ಹೋದಾಗ ಟೈಲ್ಸ್ ಮೇಲೆ ಒಂದ್ಸಲ ಬೆರಳಾಡಿಸಿ ನೋಡಿ. ಬೆಳ್ಳಗೆ, ಜಿಡ್ಡುಜಿಡ್ಡಾಗಿ ಏನೋ ಅಂಟುತ್ತಲ್ಲ? ಬಕೆಟ್ ಒಳಗೆ, ಮಗ್ ತಳದಲ್ಲಿ, ನಲ್ಲಿ ಮೇಲೂ ಅದೇ ಇರುತ್ತೆ. ನಮ್ಮನೇಲಿ ಅದಕ್ಕೆ ಕೊಳೆ ಅಂತೀವಿ. ಎಷ್ಟು ತಿಕ್ಕಿದ್ರೂ ಹೋಗಲ್ಲ ಅಂತ ಹೋದ ತಿಂಗಳು ಅಮ್ಮ ಗೋಡೆಗೆ ಆಸಿಡ್ ಹಾಕಿ, ಅದರ ಮೇಲೇ ಬ್ಲೀಚಿಂಗ್ ಪೌಡರ್ ಉದುರಿಸಿದ್ರು. ಒಂದೇ ನಿಮಿಷಕ್ಕೆ ಕೆಮ್ಮುತ್ತಾ ಹೊರಗೆ ಓಡಿಬಂದ್ರು. ಕಣ್ಣೆಲ್ಲ ಕೆಂಪು, ಮಾತೇ ಹೊರಡ್ತಿಲ್ಲ. ಡಾಕ್ಟರ್ ಹತ್ರ ಕರ್ಕೊಂಡು ಹೋದ್ವಿ, ಈಗ ಆರಾಮಾಗಿದ್ದಾರೆ. ಆದ್ರೆ ಅವತ್ತಿಂದ ನಾನು ಈ ಬಿಳಿ ಪದರದ ಬೆನ್ನು ಹತ್ತಿದೆ. ಗೊತ್ತಾಗಿದ್ದೇನಂದ್ರೆ, ಅದು ಬರೀ ಕೊಳೆ ಅಲ್ಲ. ಅರ್ಧ ಸೋಪು, ಅರ್ಧ ಕಲ್ಲು!

2/6
ಸೋಪು ಅಂದ್ರೆ ಏನು ಅಂತ ಮೊದಲು ಸರಿಯಾಗಿ ಬಿಡಿಸಿ ಹೇಳಿದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರೂಲ್. 1811ರಲ್ಲಿ ಹಂದಿ ಕೊಬ್ಬಿನಿಂದ ಮಾಡಿದ ಒಂದು ಸೋಪನ್ನು ಪರೀಕ್ಷೆ ಮಾಡೋಕೆ ಶುರುಮಾಡಿದ. 1823ರಲ್ಲಿ ಕೊಬ್ಬುಗಳ ಬಗ್ಗೆ ಪುಸ್ತಕವನ್ನೇ ಬರೆದ. ಕೊಬ್ಬಿನಲ್ಲಿರುವ ಆಮ್ಲ ಕ್ಷಾರದ ಜೊತೆ ಸೇರಿದರೆ ಸಿಗುವ ಲವಣವೇ ಸೋಪು, ಇದು ಅವನು ಕಂಡುಕೊಂಡ ವಿಷಯ.
ಈಗ ಹತ್ತನೇ ಕ್ಲಾಸಿನ ಕಾರ್ಬನ್ ಪಾಠ ನೆನಪಿಸಿಕೊಳ್ಳಿ. ನೆಲದೊಳಗಿನ ನೀರು ಕಲ್ಲುಬಂಡೆ ಸವರಿಕೊಂಡು ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತೆ. ಅದೇ ಗಡಸು ನೀರು. ಇದಕ್ಕೆ ಸೋಪು ಬಿದ್ದ ತಕ್ಷಣ ಸೋಪಿನಲ್ಲಿದ್ದ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂರುತ್ತೆ. ಈ ಹೊಸ ಲವಣ ನೀರಲ್ಲಿ ಕರಗಲ್ಲ. ಹಾಲು ಒಡೆದ ಹಾಗೆ ಒಡೆದು, ಗೋಡೆಗೆ ಹೋಗಿ ಅಂಟಿಕೊಳ್ಳುತ್ತೆ.

3/6
ನಾವು ಬೈಯೋ ಈ ಪದರವನ್ನೇ ಒಬ್ಬರು ಅಳತೆಗೋಲು ಮಾಡಿಕೊಂಡಿದ್ರು! ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಪ್ರೊಫೆಸರ್ ಆಗಿದ್ದ ಥಾಮಸ್ ಕ್ಲಾರ್ಕ್. ಗಡಸು ನೀರನ್ನು ಸುಣ್ಣ ಹಾಕಿ ಮೆದು ಮಾಡುವ ವಿಧಾನಕ್ಕೆ 1841ರಲ್ಲಿ ಪೇಟೆಂಟ್ ತಗೊಂಡ. ನೀರು ಎಷ್ಟು ಗಡಸು ಅಂತ ತಿಳಿಯೋಕೆ ಒಂದು ಸುಲಭದ ಪರೀಕ್ಷೆಯನ್ನೂ ಕೊಟ್ಟ. ಬಾಟಲಿಯಲ್ಲಿ ಅಳೆದ ನೀರು ಹಾಕಿ, ಸೋಪಿನ ದ್ರಾವಣ ಸ್ವಲ್ಪ ಸ್ವಲ್ಪವೇ ಸೇರಿಸಿ ಕುಲುಕಬೇಕು. ಇರೋ ಕ್ಯಾಲ್ಸಿಯಂ ಎಲ್ಲ ಮುಗಿಯೋ ತನಕ ನೊರೆ ನಿಲ್ಲಲ್ಲ. ನೊರೆ 5 ನಿಮಿಷ ನಿಂತರೆ ಲೆಕ್ಕ ಮುಗೀತು: ಎಷ್ಟು ಸೋಪು ತಿಂತೋ ನೀರು ಅಷ್ಟು ಗಡಸು. ಅವನ ಹೆಸರಿನ ಕ್ಲಾರ್ಕ್ ಡಿಗ್ರಿ ಇವತ್ತಿಗೂ ಇದೆ. 1 ಡಿಗ್ರಿ ಅಂದ್ರೆ ಲೀಟರಿಗೆ ಸುಮಾರು 14 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್.

4/6
ಆಮೇಲೆ ಇದು ಸರ್ಕಾರದ ಮಟ್ಟಕ್ಕೂ ಹೋಯ್ತು. 1850ರಲ್ಲಿ ಬ್ರಿಟನ್ನಿನ ಆರೋಗ್ಯ ಮಂಡಳಿ, ಲಂಡನ್ನಿಗೆ ಥೇಮ್ಸ್ ನೀರು ಬಿಟ್ಟು ಸರ್ರೆಯ ಮರಳು ಗುಡ್ಡಗಳ ಮೆದು ನೀರು ತರಬೇಕು ಅಂತ ಶಿಫಾರಸು ಮಾಡಿತು. ಮೆದು ನೀರಾದರೆ ಸೋಪು ಉಳಿಯುತ್ತೆ, ಬಟ್ಟೆ ಒಗೆಯೋ ಕಷ್ಟ ಕಡಿಮೆ ಆಗುತ್ತೆ ಅನ್ನೋದೂ ಅವರ ವಾದದಲ್ಲಿತ್ತು. ಲಂಡನ್ನಿನಲ್ಲಿ ಅದು ಜಾರಿಗೆ ಬರಲಿಲ್ಲ. ಗ್ಲಾಸ್ಗೋ ನಗರ ಮಾತ್ರ 1859ರಲ್ಲಿ ಕ್ಯಾಟ್ರಿನ್ ಸರೋವರದ ಮೆದು ನೀರನ್ನು ಮನೆಮನೆಗೆ ತಂದುಕೊಳ್ತು. ಗಮನಿಸಿ: ಬಿಳಿ ಪದರ ಕಂಡರೆ ಅವರು ಕೇಳಿದ್ದು "ನೀರು ಎಲ್ಲಿಂದ ಬರ್ತಿದೆ?" ಅಂತ. ನಾವು ಕೇಳೋದು "ಯಾರು ಸರಿಯಾಗಿ ತಿಕ್ಕಿಲ್ಲ?" ಅಂತ.

5/6
ನಮ್ಮ ಕಡೆ? ಅಜ್ಜಿ ಕಾಲದಲ್ಲಿ ತಲೆಗೆ ಸೀಗೆಕಾಯಿ, ಅಂಟುವಾಳ, ಮೈಗೆ ಕಡ್ಲೆಹಿಟ್ಟು. ಅಂಟುವಾಳದ ನೊರೆ ಸಪೋನಿನ್ ಅನ್ನೋ ವಸ್ತುವಿನದು. ಅದು ಸೋಪಿನ ಹಾಗೆ ಕ್ಯಾಲ್ಸಿಯಂ ಜೊತೆ ಒಡೆಯಲ್ಲ. ಆಮೇಲೆ ಮೊದಲ ಮಹಾಯುದ್ಧ ಬಂತು, ಯುರೋಪಿಗೆ ಹೋಗಬೇಕಿದ್ದ ಮೈಸೂರಿನ ಶ್ರೀಗಂಧ ಇಲ್ಲೇ ಉಳೀತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಗಂಧದೆಣ್ಣೆ ತೆಗೆಯೋ ಕೆಲಸ ಇಲ್ಲೇ ಶುರುವಾಯ್ತು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರ್ಕಾರಿ ಸೋಪ್ ಕಾರ್ಖಾನೆ. ಹೀಗೆ ಸೋಪು ಮನೆಮಾತಾಯ್ತು. ಆಮೇಲೆ ಬೋರ್‌ವೆಲ್ ಬಂತು, ಕಲ್ಲಿನೊಳಗಿನ ನೀರು ನೇರವಾಗಿ ನಮ್ಮ ಬಕೆಟ್ಟಿಗೆ ಬಿತ್ತು. ಬಿಳಿ ಪದರಕ್ಕೆ ಎರಡೂ ಸಾಮಾನು ರೆಡಿ.

6/6
ಅದೇ ಮಹಾಯುದ್ಧದ ಇನ್ನೊಂದು ದಿನ: 1915ರ ಏಪ್ರಿಲ್ 22. ಬೆಲ್ಜಿಯಂನ ಈಪರ್ ಹತ್ತಿರ ಜರ್ಮನ್ ಸೈನ್ಯ ಎದುರಾಳಿಗಳ ಮೇಲೆ ಕ್ಲೋರಿನ್ ಗಾಳಿ ಬಿಡ್ತು. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದಾಗ ನಮ್ಮ ಬಾತ್‌ರೂಮಲ್ಲಿ ಹುಟ್ಟಿದ್ದೂ ಅದೇ ಕ್ಲೋರಿನ್. ದಯವಿಟ್ಟು ಇವೆರಡನ್ನ ಯಾವತ್ತೂ ಸೇರಿಸಬೇಡಿ. ವಿನೆಗರ್ ಜೊತೆಗೂ ಬ್ಲೀಚ್ ಬೇಡ.
ಹಾಗಾದ್ರೆ ಏನು ಮಾಡೋದು?
• ವಿನೆಗರ್, ಬಿಸಿನೀರು ಸಮ ಸಮ. ಜೊತೆಗೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಚಮಚ. ಗೋಡೆಗೆ ಹಚ್ಚಿ 15 ನಿಮಿಷ ಬಿಡಿ. ಹುಳಿ ಕ್ಯಾಲ್ಸಿಯಂ ಬಿಡಿಸುತ್ತೆ, ಲಿಕ್ವಿಡ್ ಉಳಿದ ಜಿಡ್ಡು ಎತ್ತುತ್ತೆ. ಆಮೇಲೆ ಬ್ರಷ್‌ನಿಂದ ತಿಕ್ಕಿ, ತೊಳೀರಿ.
• ಶಹಾಬಾದ್ ಕಲ್ಲು, ಕಡಪ ಕಲ್ಲು, ಮಾರ್ಬಲ್ ಇದ್ರೆ ವಿನೆಗರ್ ಬೇಡ. ಹುಳಿ ಆ ಕಲ್ಲನ್ನೇ ತಿನ್ನುತ್ತೆ. ಅಲ್ಲಿ ಬರೀ ಲಿಕ್ವಿಡ್ ಸಾಕು.
• ಮತ್ತೆ ಕಟ್ಟಬಾರದು ಅಂದ್ರೆ, ಸ್ನಾನ ಆದ್ಮೇಲೆ ಗೋಡೆಗೆ ಎರಡು ಮಗ್ ನೀರು ಹೊಡೆದು ವೈಪರ್ ಎಳೀರಿ. ನೀರು ಅಲ್ಲೇ ಒಣಗದಿದ್ರೆ ಪದರ ಕೂರಲ್ಲ.

ಈಗ ನಮ್ಮನೇಲಿ ಒಂದು ರೂಲ್: ಸ್ನಾನ ಮಾಡಿದವರೇ ವೈಪರ್ ಎಳೀಬೇಕು. ಅಪ್ಪನೂ ಸೇರಿ! ಅರ್ಧ ನಿಮಿಷದ ಕೆಲಸ. ಇಷ್ಟು ವರ್ಷ ನಾವ್ಯಾರೂ ಆ ಅರ್ಧ ನಿಮಿಷ ಕೊಡದೆ ಇದ್ದಿದ್ದಕ್ಕೇ ಅಮ್ಮ ಭಾನುವಾರವೆಲ್ಲ ತಿಕ್ತಾ ಕೂರ್ತಿದ್ರು.

ನಿಮ್ಮನೇಲಿ ಬಾತ್‌ರೂಮ್ ತಿಕ್ಕೋದು ಯಾರು? ಈ ಪೋಸ್ಟ್ ಅವರಿಗೆ ಕಳಿಸಬೇಡಿ. ನೀವೇ ವೈಪರ್ ಹಿಡೀರಿ.

#ಮನೆಯೊಳಗಿನ_ಇತಿಹಾಸ #ಗಡಸುನೀರು #ಕನ್ನಡದಲ್ಲಿ_ವಿಜ್ಞಾನ