ಟ್ರೇಕಿಯಲ್ ಸ್ಟೆನೋಸಿಸ್

ಶ್ವಾಸನಾಳ ಕಿರಿದಾಗುವ ತೊಂದರೆಯ ಹೆಸರಿದು. ಗ್ರೀಕಿನಲ್ಲಿ 'ಸ್ಟೆನೋಸ್' ಎಂದರೆ ಇಕ್ಕಟ್ಟು, 'ಟ್ರಾಖೀಯಾ' ಎಂದರೆ ಒರಟಾದದ್ದು. ಮೃದ್ವಸ್ಥಿಯ ಉಂಗುರಗಳಿಂದ ಉಬ್ಬುತಗ್ಗಾದ ಈ ನಾಳವನ್ನು ಪ್ರಾಚೀನ ಗ್ರೀಕರು 'ಒರಟು ಧಮನಿ' ಎಂದೇ ಕರೆದರು.

ಇಂದು ಈ ಪದ ವೆಂಟಿಲೇಟರ್‌ನಿಂದ ಹೊರಬಂದವರ ವಿಷಯದಲ್ಲಿ ಹೆಚ್ಚು ಕೇಳಿಬರುತ್ತದೆ. ಉಸಿರಾಟದ ಟ್ಯೂಬಿನ ಸುತ್ತಲಿನ ಗಾಳಿಚೀಲ, ಅಂದರೆ ಕಫ್, ನಾಳದ ಒಳಪೊರೆಯನ್ನು ಬಿಗಿಯಾಗಿ ಒತ್ತಿದರೆ ಅಲ್ಲಿ ರಕ್ತ ಹರಿಯದೆ ಹುಣ್ಣಾಗುತ್ತದೆ. ಮಾಯುವಾಗ ಕಲೆಗಟ್ಟಿ ನಾಳ ಬಿಗಿಯುತ್ತದೆ. ಅದಕ್ಕೇ ಕಫ್ ಒತ್ತಡವನ್ನು ಸಾಮಾನ್ಯವಾಗಿ 20ರಿಂದ 30 ಸೆಂ.ಮೀ. ನೀರಿನ ಒತ್ತಡದೊಳಗೆ ಇಡುತ್ತಾರೆ.

ಬಲೂನಿನಿಂದ ಹಿಗ್ಗಿಸುವುದು, ಲೇಸರ್, ಸ್ಟೆಂಟ್, ಕಿರಿದಾದ ಭಾಗವನ್ನು ಕತ್ತರಿಸಿ ತುದಿಗಳನ್ನು ಹೊಲಿಯುವುದು ಇದರ ಚಿಕಿತ್ಸೆಗಳು. ಟ್ಯೂಬ್ ತೆಗೆದ ವಾರಗಳ ಬಳಿಕ ಉಸಿರೆಳೆಯುವಾಗ ಸೀಟಿಯಂಥ ಸದ್ದು ಬಂದರೆ ಆಸ್ತಮಾ ಎಂದುಕೊಂಡು ಸುಮ್ಮನಿರಬೇಡಿ. ಟ್ಯೂಬ್ ಹಾಕಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಿ.