ವಂಶಾವಳಿಯೂ ವ್ಯಾಧಿಯೂ

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ನಾವು ರೂಪಕ್ಕೂ ಗುಣಕ್ಕೂ ಅನ್ವಯಿಸಿ ಹೇಳುತ್ತೇವೆ. ಕಣ್ಣು ಮೂಗು, ಕಂಠ, ಕೋಪ ಇವೆಲ್ಲ ವಂಶದಿಂದ ಬಂದುವೆಂದರೆ ಯಾರೂ ಆಕ್ಷೇಪಿಸರು. ವ್ಯಾಧಿಯ ಮಾತು ಬಂದಾಗ ಮಾತ್ರ ಮನೆಯವರು ಮೌನ ತಾಳುತ್ತಾರೆ. ಹೆಣ್ಣು ಕೊಟ್ಟು ತರುವ ಸಂದರ್ಭದಲ್ಲಂತೂ ಆ ಮೌನ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಮೌನ ಮುರಿದು ಮಾತನಾಡಿದವರಿಂದಲೇ ವೈದ್ಯಶಾಸ್ತ್ರವು ಒಂದು ದೊಡ್ಡ ಪಾಠವನ್ನು ಕಲಿತಿತು. ಆ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

೧೮೯೫ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದ ಆಲ್ಡ್ರೆಡ್ ವಾರ್ಥಿನ್ ಎಂಬ ವೈದ್ಯರೊಡನೆ ಹೊಲಿಗೆ ಕೆಲಸದ ಹೆಂಗಸೊಬ್ಬಳು ತನ್ನ ಮನೆತನದ ಸಂಗತಿಯನ್ನು ಹೇಳಿಕೊಂಡಳು. ತನ್ನವರಲ್ಲಿ ಬಹುಮಂದಿ ಹೊಟ್ಟೆಯ ಅಥವಾ ಗರ್ಭಕೋಶದ ಕ್ಯಾನ್ಸರಿನಿಂದ ಸತ್ತರೆಂದೂ, ತಾನೂ ಹಾಗೆಯೇ ಅಲ್ಪಾಯುವಾಗುವೆನೆಂದೂ ಅವಳ ನಂಬಿಕೆ. ಅದು ನಿಜವೇ ಆಯಿತು. ಗರ್ಭಕೋಶದ ಕ್ಯಾನ್ಸರು ಅವಳನ್ನು ಕೊಂಡೊಯ್ದಿತು. ವಾರ್ಥಿನ್ನರು ಇದನ್ನು ಕಾಕತಾಳೀಯವೆಂದು ತಳ್ಳಿಹಾಕದೆ, ಆ ಮನೆತನದ ವಂಶಾವಳಿಯನ್ನು ಬರೆಸಿ ೧೯೧೩ರಲ್ಲಿ ಪ್ರಕಟಿಸಿದರು. ೧೯೬೦ರ ದಶಕದಲ್ಲಿ ಹೆನ್ರಿ ಲಿಂಚ್ ಎಂಬ ವೈದ್ಯರು ಅಂಥವೇ ಬೇರೆ ಮನೆತನಗಳನ್ನು ಕಂಡು ಈ ಕೆಲಸವನ್ನು ಮುಂದುವರಿಸಿದರು. ೨೦೦೦ದಲ್ಲಿ ಆ ಹೊಲಿಗೆಯವಳ ವಂಶದ ಜೀನಿನಲ್ಲಿದ್ದ ದೋಷವೇ ಪತ್ತೆಯಾಯಿತು. ಅವಳ ಮಾತಿಗೆ ಪ್ರಮಾಣ ದೊರೆಯಲು ನೂರೈದು ವರ್ಷ ಹಿಡಿಯಿತು.

ಲಿಂಚರ ಹೆಸರಿನಿಂದ ಕರೆಯಲಾಗುವ ಈ ದೋಷವು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಸಂಭವವನ್ನೂ ಹೆಚ್ಚಿಸುತ್ತದೆ. ಈ ಗ್ರಂಥಿ ಜಠರದ ಹಿಂದೆ ಅಡಗಿದೆ; ಕೈಯಿಟ್ಟು ನೋಡಿದರೆ ಸಿಕ್ಕುವುದಿಲ್ಲ. ಕಾಮಾಲೆ, ಬೆನ್ನುನೋವು, ಮೈ ಇಳಿಯುವುದು ಮೊದಲಾದ ಲಕ್ಷಣಗಳು ಕಾಣಿಸುವ ಹೊತ್ತಿಗೆ ರೋಗವು ಬಹಳ ಮುಂದೆ ಹೋಗಿರುತ್ತದೆ. ಆದ್ದರಿಂದಲೇ ಇಲ್ಲಿ ಮನೆತನದ ನೆನಪಿಗೆ ಅಷ್ಟು ಬೆಲೆ.

ಇದಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರರ ಕುಟುಂಬ. ೧೯೫೩ರಲ್ಲಿ ತಂದೆ ಇದೇ ರೋಗದಿಂದ ತೀರಿಕೊಂಡಾಗ, ಮಗನು ನೌಕಾದಳದ ಉದ್ಯೋಗವನ್ನು ಬಿಟ್ಟು ಪ್ಲೇನ್ಸ್ ಎಂಬ ಊರಿನ ಕಡಲೆಕಾಯಿ ಹೊಲಗಳಿಗೆ ಮರಳಿದರು. ಮುಂದೆ ೧೯೮೩ರಲ್ಲಿ ತಂಗಿ ರೂತ್, ೧೯೮೮ರಲ್ಲಿ ತಮ್ಮ ಬಿಲ್ಲಿ, ೧೯೯೦ರಲ್ಲಿ ಮತ್ತೊಬ್ಬ ತಂಗಿ ಗ್ಲೋರಿಯಾ, ಎಲ್ಲರೂ ಅದೇ ರೋಗಕ್ಕೆ ತುತ್ತಾದರು. ಕಾರ್ಟರರು ಮಾತ್ರ ನೂರು ವರ್ಷ ತುಂಬಿ, ೨೦೨೪ರ ಡಿಸೆಂಬರಿನಲ್ಲಿ ನಿಧನರಾದರು. ಮನೆಯವರೆಲ್ಲ ಸಿಗರೇಟು ಸೇದುತ್ತಿದ್ದರು, ತಾವೊಬ್ಬರೇ ಮುಟ್ಟಲಿಲ್ಲವೆಂದು ಅವರು ಹೇಳಿದ್ದುಂಟು. ಒಬ್ಬರ ಬಾಳಿನಿಂದ ಸಿದ್ಧಾಂತ ಮಾಡಲಾಗದು. ಆದರೆ ಧೂಮಪಾನವು ಈ ರೋಗದ ಸಂಭವವನ್ನು ಸುಮಾರು ಇಮ್ಮಡಿಗೊಳಿಸುತ್ತದೆಂಬುದು ಸಿದ್ಧವಾದ ಸಂಗತಿ.

೧೯೯೪ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯವರು ಇಂಥ ಮನೆತನಗಳ ದಾಖಲೆಯನ್ನು ಆರಂಭಿಸಿದರು. ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಇಬ್ಬರಿಗೆ ರೋಗ ಬಂದಿದ್ದರೆ ಉಳಿದವರಿಗೆ ಸಂಭವ ಸುಮಾರು ೬ ಪಟ್ಟು, ಮೂವರು ಅಥವಾ ಹೆಚ್ಚು ಮಂದಿಗೆ ಬಂದಿದ್ದರೆ ೩೨ ಪಟ್ಟು ಎಂದು ೨೦೦೪ರಲ್ಲಿ ಅಲ್ಲಿಯ ಲೆಕ್ಕ ತೋರಿಸಿತು. ಸ್ತನದ ಕ್ಯಾನ್ಸರಿಗೆ ಕಾರಣವೆಂದು ೧೯೯೫ರಲ್ಲಿ ಗುರುತಿಸಿದ ಬಿ.ಆರ್.ಸಿ.ಎ. ೨ ಎಂಬ ಜೀನಿನ ದೋಷವೂ ಈ ಗ್ರಂಥಿಯನ್ನು ಬಾಧಿಸಬಲ್ಲುದು. ತಾಯಿಯಿಂದ ಮಾತ್ರವಲ್ಲ, ತಂದೆಯಿಂದಲೂ ಅದು ಬರುತ್ತದೆ. ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧ. ಗಾದೆ ತಾಯಿಯನ್ನಷ್ಟೇ ಹೇಳಿ ಬಿಟ್ಟಿತು!

ಹಾಗೆಂದು ಓದುಗರು ಹೆದರಬೇಕಾಗಿಲ್ಲ. ಈ ರೋಗಿಗಳಲ್ಲಿ ಮನೆತನದ ಸಂಬಂಧ ಕಾಣುವುದು ನೂರಕ್ಕೆ ಹತ್ತರಷ್ಟು ಮಂದಿಯಲ್ಲಿ ಮಾತ್ರ. ದೋಷ ಬಂದವರಿಗೆಲ್ಲ ರೋಗ ಬರುವುದೂ ಇಲ್ಲ. ಅಪಾಯ ಹೆಚ್ಚಿರುವವರನ್ನು ವರ್ಷಕ್ಕೊಮ್ಮೆ ಎಂ.ಆರ್.ಐ. ಅಥವಾ ಎಂಡೋಸ್ಕೋಪಿಯ ಮೂಲಕ ಮಾಡುವ ಅಲ್ಟ್ರಾಸೌಂಡಿನಿಂದ ಪರೀಕ್ಷಿಸಿ, ರೋಗವನ್ನು ಬೇಗನೆ ಹಿಡಿಯುವ ಪದ್ಧತಿ ಈಗ ಇದೆ. ಆದರೆ ಯಾರನ್ನು ಪರೀಕ್ಷಿಸಬೇಕೆಂದು ತಿಳಿಯಲು ವೈದ್ಯರು ಮೊದಲು ಕೇಳುವುದು ಮನೆತನದ ವೃತ್ತಾಂತವನ್ನೇ.

ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರು ಹೇಳುವವರು ನಮ್ಮಲ್ಲಿದ್ದಾರೆ. ವೈದ್ಯರು ಕೇಳುವುದೂ ಅಷ್ಟೇ ತಲೆಮಾರು. ಆದರೆ ಯಾವ ಕಾಯಿಲೆ, ಎಷ್ಟನೆಯ ವಯಸ್ಸು ಎಂಬುದನ್ನೂ ಕೇಳುತ್ತಾರೆ. ‘ಹೊಟ್ಟೆನೋವಿನಿಂದ ಹೋದರು’ ಎಂಬಷ್ಟು ಸಾಲದು. ಮನೆಯ ಹಿರಿಯರು ಇರುವಾಗಲೇ ಎರಡು ಕಡೆಯ ಸಂಗತಿಯನ್ನೂ ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.